ಸಣ್ಣ ಬಳೆ ಒಳಗೆ

ವಾರ್ನಂಬೂಲಿನಲ್ಲಿ ಗಾಳಿಯೂ ಒಬ್ಬ ಆಟಗಾರ.
ಸಮುದ್ರದ ಕಡೆಯಿಂದ ಬರುತ್ತದೆ, ಕ್ಲಬ್ಬಿಗೆ ಚಂದಾ ಕಟ್ಟುವುದಿಲ್ಲ,
ಯಾರ ಕಡೆಯೆಂದು ಕೊನೆಯವರೆಗೂ ಹೇಳುವುದಿಲ್ಲ.

ನಾನು ಈ ತುದಿಯಲ್ಲಿ, ಬಿಳಿ ಜ್ಯಾಕಿನ ಹಿಂದೆ,
ಜೇಬಿನಲ್ಲಿ ಸೀಮೆಸುಣ್ಣದ ತುಂಡು.
ನನ್ನ ಮೂವರು ಆ ತುದಿಯಲ್ಲಿ.
ಮುಖ ಕಾಣದು, ನಿಂತ ರೀತಿ ಕಾಣುತ್ತದೆ.
ಇಪ್ಪತ್ತಾರು ವರ್ಷ ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ನಿಂತು ಕಲಿತದ್ದು ಅದೇ:
ಯಾರಿಗೆ ನೋವು, ಯಾರಿಗೆ ಬರೀ ಹೆದರಿಕೆ.

ಗದಗಿನಿಂದ ತಂಗಿ ಫೋನಿನಲ್ಲಿ ಕೇಳಿದ್ದಳು,
'ಸ್ಕಿಪ್ ಅಂದ್ರ ಕ್ಯಾಪ್ಟನ್ ಏನ?'
ಅಲ್ಲ ಬೇ,
ಮದವೀ ಮನ್ಯಾಗ ಪಂಕ್ತಿ ಹಿಂದ ನಿಂತು
ಇಲ್ಲೆ ಸಾರು, ಅಲ್ಲೆ ಉಪ್ಪು ಅಂತ ಒದರತಾರಲ್ಲ,
ಎಲ್ಲಾರದೂ ಆದ ಮ್ಯಾಲ ಕಡೀಕ ಉಣತಾರಲ್ಲ,
ಹಂಗ.

ಈ ಚೆಂಡಿಗೆ ನೆಟ್ಟಗೆ ಹೋಗಲು ಬಾರದು.
ಹುಟ್ಟುವಾಗಲೇ ಒಂದು ಮಗ್ಗುಲಿಗೆ ವಾಲು.
ಬೇಡದ ಕಡೆಗೆ ಬಿಡಬೇಕು,
ವೇಗ ಸಾಯುತ್ತ ಬಂದ ಹಾಗೆ
ಏನೋ ನೆನಪಾದಂತೆ ತಿರುಗಿಕೊಳ್ಳುತ್ತದೆ.
ಒಂದು ಕೆನ್ನೆಗೆ ದೊಡ್ಡ ಬಳೆ, ಇನ್ನೊಂದಕ್ಕೆ ಸಣ್ಣದು.
ಸಣ್ಣ ಬಳೆ ಒಳಗಿರಬೇಕು.
ನನಗೆ ಇದನ್ನು ಕಲಿಸಿದವನು ಕೀತ್ ಟ್ರೆಝೀಸ್,
ಹದಿನಾಲ್ಕು ಚಳಿಗಾಲದ ಹಿಂದೆ, ಕಾರ್ಪೆಟ್ಟಿನ ಮೇಲೆ,
ಒಂದು ಕಿತ್ತಳೆಹಣ್ಣು ಹಿಡಿದು.

ಈಗ ಅವನು ನನ್ನ ತಂಡದಲ್ಲಿ ಎರಡನೆಯವನು.

ಬೆರಿಲ್ ತನ್ನೆರಡನ್ನೂ ಜ್ಯಾಕಿನ ಮಡಿಲಿಗೆ ಹಾಕಿದ್ದಳು.
ಏಳನೆಯ ಎಂಡು. ಕೀತ್ ಬಾಗಿದ, ಬಿಟ್ಟ.
ಚೆಂಡು ಒಳಗೆ ಬಾರದೆ ಹೊರಗೆ ಹೊರಳಿ
ಪಕ್ಕದ ರಿಂಕಿನವರ ಆಟಕ್ಕೆ ನುಗ್ಗಿತು.
ಯಾರೋ ಬೂಟಿನಿಂದ ತಡೆದರು. ಎಲ್ಲರೂ ನಕ್ಕರು, ಅವನೂ.
ಒಮ್ಮೆ ಯಾರಿಗಾದರೂ ಆಗುವಂಥದ್ದು.

ಹನ್ನೊಂದನೆಯದರಲ್ಲಿ ಮತ್ತೆ.
ಯಾರೂ ನಗಲಿಲ್ಲ.
ನಗದೇ ಇದ್ದದ್ದು ಕಿವಿಗೆ ಬಿತ್ತು.
ಕೈಯಲ್ಲುಳಿದ ಚೆಂಡನ್ನು ಅವನು
ಬೇರೆ ಯಾರದೋ ಕನ್ನಡಕವೆಂಬಂತೆ ನೋಡುತ್ತ ನಿಂತ.

ಕೂಗಿ ಹೇಳಬಹುದಿತ್ತು. ಸ್ಕಿಪ್‌ಗೆ ಕೂಗುವುದೇ ಕೆಲಸ.
ಕೂಗಲಿಲ್ಲ.
ಮುಂದಿನ ಎಂಡಿನಿಂದ ಅವನು ಬಾಗುವ ಮುಂಚೆ
ಒಂದು ಕಿವಿ ಮುಟ್ಟಿಕೊಂಡೆ.
ಅವನ ಎಡಕ್ಕೆ ನನ್ನ ಬಲಗಿವಿ, ಅವನ ಬಲಕ್ಕೆ ಎಡ.
ನಾವು ಮಾತಾಡಿಕೊಂಡಿರಲಿಲ್ಲ.
ಅವನು ನೋಡಿದ. ಅಂಗೈಯಲ್ಲಿ ಚೆಂಡು ಒಂದು ಸುತ್ತು ತಿರುಗಿತು.
ಮೀನಂಗಡಿ ಮಾರಿ ಬಂದ ಸ್ಟಾವ್ರೋಸ್, ನಮ್ಮ ಮೂರನೆಯವನು,
ಅದನ್ನೂ ಕಂಡ. ತನ್ನ ಬೂಟಿನ ದಾರ ಸರಿಮಾಡಿಕೊಂಡ.

ಕೊನೆಯ ಎಂಡು. ಒಂದು ಅಂಕ ಹಿಂದಿದ್ದೆವು.
ಈಗ ಚಾಪೆಯ ಮೇಲೆ ನಾನು, ಕೈಯಲ್ಲಿ ಕೊನೆಯ ಚೆಂಡು,
ಅವರು ಮೂವರೂ ಆ ತುದಿಯಲ್ಲಿ.
ಸ್ಟಾವ್ರೋಸ್ ಎರಡೂ ಕೈ ಅಗಲಿಸಿ ತೋರಿಸುತ್ತಿದ್ದ:
ಇಷ್ಟು ಹುಲ್ಲು ತಗೋ, ಇಷ್ಟು.
ಅವನ ಹಿಂದೆ ಕೀತ್.
ಗಾಳಿಗೆ ಟೋಪಿ ಒತ್ತಿ ಹಿಡಿದವನು
ಇನ್ನೊಂದು ಕೈ ಎತ್ತಿ
ಮೆಲ್ಲಗೆ ಕಿವಿ ಮುಟ್ಟಿಕೊಂಡ.

ತಮಾಷೆಯೋ, ಸಾಲ ತೀರಿಸಿದ್ದೋ,
ಅಥವಾ ಕಿವಿಯೇ ತುರಿಸಿತೋ.
ನನ್ನ ಬಳೆ ಸರಿಯಾಗಿಯೇ ಇತ್ತು.
ಆದರೂ ಅವನಿಗೆ ಕಾಣುವಂತೆ
ತಲೆ ತಗ್ಗಿಸಿ ನೋಡಿಕೊಂಡೆ.

ಚೆಂಡು ಚೆನ್ನಾಗಿ ಬಾಗಿತು, ಗಾಳಿ ದಾಟಿತು,
ಜ್ಯಾಕಿಗೆ ಒಂದು ಗೇಣು ಮೊದಲೇ ನಿಂತಿತು.
ದಾರ ಹಿಡಿದು ಅಳೆದರು. ಅವರದೇ ಹತ್ತಿರ.
ಕೈ ಕುಲುಕಿದೆವು. ಕೀತ್ ಅಂದ,
'ಇನ್ನೊಂದಿಷ್ಟು ಜೋರು ಬೇಕಿತ್ತು ಮಗಳೇ.'
ಅರವತ್ತೆರಡರ ನನಗೆ.

ಮನೆಗೆ ಬಂದು ಚೀಲ ಬಿಚ್ಚಿದರೆ
ನಾಲ್ಕರಲ್ಲೊಂದು ಅವನ ಚೆಂಡು,
ನನ್ನ ಕೈಗೆ ಒಂದು ನಂಬರ್ ದೊಡ್ಡದು.
ನನ್ನದೊಂದು ಅವನಲ್ಲಿರಬೇಕು.
ಊಟದ ಮೇಜಿನ ಮೇಲೆ ಇಟ್ಟರೆ ನಿಲ್ಲದು, ವಾಲುತ್ತದೆ;
ಉಪ್ಪಿನ ಡಬ್ಬಿ ಅಡ್ಡ ಕೊಟ್ಟಿದ್ದೇನೆ.
ಅದರಡಿಯಲ್ಲಿ ಶನಿವಾರದ ತಂಡದ ಪಟ್ಟಿ,
ಮಂಗಳವಾರದೊಳಗೆ ಕೊಡಬೇಕಾದದ್ದು.
ಮೂರು ಹೆಸರು ಬರೆದಾಗಿದೆ.